ಸಿಂಫನಿಗೂ ಒಂದು ಸಂಜೆ ಕೊಡಿ

ಚಾಮರಾಜಪೇಟೆಯ ರಾಮನವಮಿ ಪೆಂಡಾಲಿನ, ಬೆಂಗಳೂರು ಗಾಯನ ಸಮಾಜದ, ಮೈಸೂರು ಎಂಟನೇ ಕ್ರಾಸಿನ ಗಣಪತಿ ಪೆಂಡಾಲಿನ, ಮತ್ತು ನಾಡಿನ ಎಲ್ಲ ಸಂಗೀತ ಸಭೆಗಳ ಕೇಳುಗರಿಗೆ ಹಾಗೂ ಕಾರ್ಯದರ್ಶಿಗಳಿಗೆ,

ಟೈಟನ್ ಕೈಗಡಿಯಾರದ ಜಾಹೀರಾತು ನಿಮಗೆಲ್ಲ ಗೊತ್ತು. ಕಣ್ಣು ಮುಚ್ಚಿ ನೆನೆದರೆ ಗಡಿಯಾರ ಕಾಣುವ ಮೊದಲೇ ಅದರ ಸಂಗೀತ ಕಿವಿಯಲ್ಲಿ ಮೊಳಗುತ್ತದೆ. ದೂರದರ್ಶನದ ಕಾಲದಿಂದ ಮನೆಮನೆಯ ಕಿವಿಗೆ ಬಿದ್ದ ಆ ಧಾಟಿಯನ್ನು ಮೊಜಾರ್ಟ್ 1773ರಲ್ಲಿ ಸಾಲ್ಜ್‌ಬರ್ಗ್ ಊರಿನಲ್ಲಿ ಕುಳಿತು ಬರೆದ. ಆಗ ಅವನಿಗೆ ಬರೀ 17 ವರ್ಷ. ಅದು ಅವನ 25ನೇ ಸಿಂಫನಿಯ ಮೊದಲ ಭಾಗ.

ಜಾಹೀರಾತಿಗೆ ಬೇಕಾದದ್ದು ಕೆಲವೇ ಸೆಕೆಂಡು. ಮುಂದೆ ಏನಾಗುತ್ತದೆ ಎಂದು ಹೆಚ್ಚಿನವರು ಕೇಳಿಯೇ ಇಲ್ಲ. ಪಿಟೀಲುಗಳು ತಾಳದ ಪೆಟ್ಟನ್ನು ಬೇಕೆಂದೇ ತಪ್ಪಿಸಿ, ಸ ಪ ಧ ನಿ ಎಂಬ ನಾಲ್ಕು ಸ್ವರಗಳನ್ನು ಕುಟ್ಟುತ್ತಾ ಶುರುಮಾಡುತ್ತವೆ. ಗಾಳಿಮಳೆ ಹೊಯ್ದಂತೆ ಹೊಯ್ದು, ಇದ್ದಕ್ಕಿದ್ದಂತೆ ಎಲ್ಲ ತಣ್ಣಗಾಗುತ್ತದೆ. ಆ ಮೌನದಂಥ ಜಾಗದಲ್ಲಿ ಓಬೋ ಎಂಬ ಒಂಟಿ ವಾದ್ಯ ಅದೇ ನಾಲ್ಕು ಸ್ವರಗಳನ್ನು ಒಂದೊಂದಾಗಿ, ಉದ್ದಕ್ಕೆ ಎಳೆದು, ಮೆತ್ತಗೆ ನುಡಿಸುತ್ತದೆ. ಶುದ್ಧ ಧೈವತದಿಂದ ಬಹಳ ಕೆಳಗಿರುವ ಕಾಕಲಿ ನಿಷಾದಕ್ಕೆ ಅದು ಇಳಿಯುವಾಗ, ಕೀರವಾಣಿಯನ್ನು ಪ್ರೀತಿಸುವ ಯಾವ ಕಿವಿಗೂ ಎದೆಯಲ್ಲಿ ಸಣ್ಣದೊಂದು ಹಿಡಿತವಾಗದೆ ಇರದು. ಕೋಪದಲ್ಲಿ ಆಡಿದ ಮಾತನ್ನೇ ಅಳುತ್ತಾ ಮತ್ತೆ ಆಡಿದ ಹಾಗಿರುತ್ತದೆ. ಇಡೀ ಸಿಂಫನಿಯ ಜೀವ ಅಲ್ಲಿದೆ. ಜಾಹೀರಾತು ಅಲ್ಲಿಗೆ ತಲುಪುವುದಿಲ್ಲ.

ಈ ಪತ್ರದ ಕೋರಿಕೆ ಚಿಕ್ಕದು. ನಿಮ್ಮ ಸಭೆಯ ವರ್ಷದ ಕಾರ್ಯಕ್ರಮಪಟ್ಟಿಯಲ್ಲಿ ಒಂದು ಸಂಜೆಯನ್ನು ಪಾಶ್ಚಾತ್ಯ ವಾದ್ಯವೃಂದದ ಕೃತಿಗಳಿಗೆ ಬಿಟ್ಟುಕೊಡಿ. ನೂರು ಜನ ವಾದಕರನ್ನು ಕರೆಸಬೇಕಾಗಿಲ್ಲ. ಒಳ್ಳೆಯ ಎರಡು ಸ್ಪೀಕರ್, ಒಳ್ಳೆಯ ಧ್ವನಿಮುದ್ರಣ, ಕೃತಿಯನ್ನೂ ಅದನ್ನು ಬರೆದವನನ್ನೂ ಕನ್ನಡದಲ್ಲಿ ಪರಿಚಯಿಸಬಲ್ಲ ಒಬ್ಬರು ಇದ್ದರೆ ಸಾಕು. ಇದನ್ನು ಸಂಗೀತದ ಗಂಧವೇ ಇಲ್ಲದವರ ಮುಂದಿಡದೆ ನಿಮ್ಮ ಮುಂದೆಯೇ ಇಡುವುದಕ್ಕೆ ಕಾರಣವಿದೆ. ಮುಕ್ಕಾಲು ಗಂಟೆಯ ರಾಗ ತಾನ ಪಲ್ಲವಿಗೆ ಅಲುಗಾಡದೆ ಕೂರುವವರು ನೀವು. ಒಂದು ಸಾಲನ್ನು ವಿದ್ವಾಂಸರು ಇಪ್ಪತ್ತು ಬಗೆಯಲ್ಲಿ ನೆರವಲ್ ಮಾಡುವಾಗ ಪ್ರತಿ ತಿರುವಿಗೂ ತಲೆದೂಗುವವರು ನೀವು. ಸಿಂಫನಿ ಕೇಳುವುದಕ್ಕೆ ಬೇಕಾದ ತಾಳ್ಮೆಯೂ ನೆನಪೂ ಈ ಊರುಗಳಲ್ಲಿ ಯಾರಲ್ಲಾದರೂ ಸಿದ್ಧವಾಗಿದ್ದರೆ ಅದು ನಿಮ್ಮಲ್ಲಿ.

ಮೊದಲು ಒಂದು ಪದದ ಗೊಂದಲ ಕಳೆಯಬೇಕು. ನಮ್ಮಲ್ಲಿ ಆರ್ಕೆಸ್ಟ್ರಾ ಎಂದರೆ ಗಣೇಶೋತ್ಸವದ, ರಾಜ್ಯೋತ್ಸವದ ವೇದಿಕೆಯಲ್ಲಿ ಸಿನಿಮಾ ಹಾಡು ಹಾಡುವ ತಂಡ. ಈ ಪತ್ರದಲ್ಲಿ ಆ ಪದಕ್ಕೆ ಅದರ ಹಳೆಯ ಅರ್ಥ: ಎಂಬತ್ತು, ತೊಂಬತ್ತು ಜನ ವಾದಕರು, ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕಮಾನಿನ ತಂತಿವಾದ್ಯದವರು, ಪಿಟೀಲು, ಅದಕ್ಕಿಂತ ತುಸು ದೊಡ್ಡದಾದ ವಿಯೋಲಾ, ಕಾಲುಗಳ ನಡುವೆ ಇಟ್ಟು ನುಡಿಸುವ ಚೆಲ್ಲೋ, ಆಳೆತ್ತರದ ಡಬಲ್ ಬಾಸ್. ಅವರ ಹಿಂದೆ ಕೊಳಲು, ಓಬೋ, ಕ್ಲಾರಿಯೋನೆಟ್, ಬಸೂನ್. ಅದರ ಹಿಂದೆ ಹಿತ್ತಾಳೆಯವು. ಕಡೆಗೆ ತಾಳವಾದ್ಯ. ಮುಂದೆ ನಿಂತ ಕಂಡಕ್ಟರ್ ಯಕ್ಷಗಾನದ ಭಾಗವತರ ಹಾಗೆ ಇಡೀ ಪ್ರಸಂಗವನ್ನು ಹಿಡಿದು ನಡೆಸುತ್ತಾನೆ. ಒಂದೇ ವ್ಯತ್ಯಾಸ, ರಂಗದ ಮೇಲೆ ಸದ್ದು ಮಾಡದೆ ಇರುವವನು ಅವನೊಬ್ಬನೇ.

ಪಿಟೀಲು ನಮ್ಮ ಕಚೇರಿಗೆ ಬಂದದ್ದು ಈ ಮನೆಯಿಂದಲೇ. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಯುರೋಪಿಯನ್ ವಾದಕರಿಂದ ಅದನ್ನು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದರು. ಮುತ್ತುಸ್ವಾಮಿ ದೀಕ್ಷಿತರೇ ಕಂಪನಿ ಸರ್ಕಾರದ ಬ್ಯಾಂಡುಗಳ ಮಟ್ಟುಗಳನ್ನು ಕೇಳಿ, ಸಂಸ್ಕೃತ ಸಾಹಿತ್ಯ ಕೂಡಿಸಿ ನೊಟ್ಟುಸ್ವರಗಳನ್ನು ಮಾಡಿದರು. ಬ್ರಿಟಿಷರ ರಾಷ್ಟ್ರಗೀತೆಯ ಮಟ್ಟಿಗೂ ಅವರ ಸಾಹಿತ್ಯವಿದೆ. ಮಕ್ಕಳಿಗೆ ಇಂದಿಗೂ ಪಾಠಗಳಲ್ಲಿ ನೊಟ್ಟುಸ್ವರ ಹೇಳಿಕೊಡುತ್ತಾರೆ. ದೀಕ್ಷಿತರು ಹುಟ್ಟಿದ್ದು 1775ರಲ್ಲಿ, ತ್ಯಾಗರಾಜರು 1767ರಲ್ಲಿ, ಇಬ್ಬರ ನಡುವೆ 1770ರಲ್ಲಿ ಬಾನ್ ಊರಿನಲ್ಲಿ ಬೀಥೋವನ್. ತ್ರಿಮೂರ್ತಿಗಳ ವಯಸ್ಸಿನವನು ಎಂದುಕೊಂಡರೆ ಅವನ ಕಾಲ ಸಲೀಸಾಗಿ ನೆನಪಿರುತ್ತದೆ. (ಯುರೋಪಿನ ಹಳಬರನ್ನು ಇಲ್ಲಿ ಏಕವಚನದಲ್ಲಿ ಕರೆಯುತ್ತಿರುವುದು ಪಂಪ, ಕುಮಾರವ್ಯಾಸ ಎನ್ನುವ ಸಲುಗೆಯಿಂದ.)

ಇನ್ನು ಕಷ್ಟದ ಮಾತು. ಕರ್ನಾಟಕ ಸಂಗೀತದಲ್ಲಿ ಪಳಗಿದ ಕಿವಿ ಸಿಂಫನಿಯ ಮುಂದೆ ಕುಳಿತಾಗ ಎಲ್ಲಿ ಎಡವುತ್ತದೆ? ಗಮಕ ಇಲ್ಲ ಎಂಬಲ್ಲಿ, ಎಂದು ಹಲವರು ಹೇಳುತ್ತಾರೆ. ನಿಜವಾದ ಎಡವು ಷಡ್ಜದಲ್ಲಿದೆ. ನಮ್ಮ ಕಚೇರಿಯಲ್ಲಿ ತಂಬೂರಿ ಹಿಡಿದ ಸ ಮೊದಲ ವರ್ಣದಿಂದ ಮಂಗಳದವರೆಗೆ ಅಲುಗುವುದಿಲ್ಲ. ಅದರ ನೆರಳಿನಲ್ಲೇ ಉಳಿದ ಸ್ವರಗಳಿಗೆ ಅರ್ಥ. ಸಿಂಫನಿಯಲ್ಲಿ ಸ ಮನೆ ಬದಲಿಸುತ್ತದೆ. ಕೆಲಹೊತ್ತು ಒಂದು ಶ್ರುತಿಯಲ್ಲಿದ್ದು, ಮೆಲ್ಲಗೆ ಪಂಚಮವನ್ನೇ ಹೊಸ ಸ ಮಾಡಿಕೊಂಡು ಅಲ್ಲಿ ಸಂಸಾರ ಹೂಡುತ್ತದೆ. ಅಲ್ಲಿಂದ ಇನ್ನೆಲ್ಲಿಗೋ ಅಲೆದು ಕೊನೆಗೆ ಹಳೆಯ ಮನೆಗೆ ಮರಳುತ್ತದೆ. ಗ್ರಹಭೇದ ಬಲ್ಲವರಿಗೆ ಇದರ ಹತ್ತಿರದ ಅನುಭವವಿದೆ. ಆದರೆ ಗ್ರಹಭೇದದಲ್ಲಿ ಸ್ವರಸ್ಥಾನಗಳು ಇದ್ದಲ್ಲೇ ಇದ್ದು ರಾಗ ಬದಲಾಗುತ್ತದೆ. ಇಲ್ಲಿ ಇಡೀ ಮೇಳವನ್ನೇ ಎತ್ತಿ ಬೇರೆ ಕಡೆ ಇಡುತ್ತಾರೆ. ಊರು ಬಿಟ್ಟು ಹೊರಟು, ಸುತ್ತಿ, ಮರಳಿ ಬರುವ ಈ ಪ್ರಯಾಣವೇ ಸಿಂಫನಿಯ ಕಥೆ. ಇದೊಂದು ತಿಳಿದರೆ ಅರ್ಧ ಬಾಗಿಲು ತೆರೆದಂತೆ.

ಹೆಸರುಗಳಿಗೂ ಅಂಜಬೇಕಾಗಿಲ್ಲ. ಬೀಥೋವನ್‌ನ ಐದನೇ ಸಿಂಫನಿ, ಸಿ ಮೈನರ್, ಓಪಸ್ 67 ಎಂದರೆ ಅವನ ಐದನೇ ಸಿಂಫನಿ, ಶ್ರುತಿ ಇಂಥದ್ದು, ಪ್ರಕಟವಾದ ಕೃತಿಗಳ ಸಾಲಿನಲ್ಲಿ ಅದರ ಸಂಖ್ಯೆ 67 ಎಂದಷ್ಟೇ. ಎಪ್ಪತ್ತೆರಡು ಮೇಳಗಳ ಲೆಕ್ಕ ಬಾಯಲ್ಲಿರುವವರಿಗೆ ಇದು ಯಾವ ಲೆಕ್ಕ!

ಆ ಸಂಜೆಯನ್ನು ಹೈಡನ್‌ನಿಂದ ಶುರುಮಾಡಿದರೆ ಚೆನ್ನ. ಜೋಸೆಫ್ ಹೈಡನ್ ಆಸ್ಥಾನ ವಿದ್ವಾನ್. ಎಸ್ಟರ್‌ಹಾಜಿ ಮನೆತನದ ರಾಜಕುಮಾರ ನಿಕೋಲಸ್‌ನ ಕೈಕೆಳಗೆ, ಸಂಬಳಕ್ಕೆ, ಸಮವಸ್ತ್ರ ತೊಟ್ಟು ದುಡಿದವನು. ಅರಮನೆಯ ವಿದ್ವಾಂಸರ ಕಥೆಗಳನ್ನು ಕೇಳಿ ಬೆಳೆದ ಮೈಸೂರಿನವರಿಗೆ ಅವನ ಬದುಕು ಬೇಗ ಅರ್ಥವಾಗುತ್ತದೆ. 1772ರಲ್ಲಿ ರಾಜಕುಮಾರ ಹಂಗೇರಿಯ ಹಳ್ಳಿಗಾಡಿನಲ್ಲಿದ್ದ ತನ್ನ ಬೇಸಿಗೆಯ ಅರಮನೆಯಲ್ಲಿ ಬೀಡುಬಿಟ್ಟವನು ಹೊರಡುವ ಮಾತೇ ಆಡಲಿಲ್ಲ. ವಾದಕರ ಹೆಂಡತಿ ಮಕ್ಕಳು ದೂರದ ಐಸೆನ್‌ಸ್ಟಾಟ್‌ನಲ್ಲಿ. ಅವರು ಹೈಡನ್‌ನ ಬಳಿ ಬಂದು ಕಷ್ಟ ಹೇಳಿಕೊಂಡರು. ಒಡೆಯನ ಮುಂದೆ ಬಾಯಿಬಿಟ್ಟು ಕೇಳುವಂತಿಲ್ಲ. ಹೈಡನ್ ಸಿಂಫನಿ ಬರೆದ, ಸಂಖ್ಯೆ 45.

ಕೊನೆಯ ಭಾಗ ರಭಸದಿಂದ ಸಾಗಿ, ಮುಗಿಯಿತು ಎನ್ನುವಷ್ಟರಲ್ಲಿ ತಟ್ಟನೆ ನಿಂತು, ಯಾರೂ ಎಣಿಸದ ವಿಳಂಬಗತಿಯೊಂದಕ್ಕೆ ಹೊರಳುತ್ತದೆ. ಒಬ್ಬ ಓಬೋ ವಾದಕ, ಒಬ್ಬ ಹಾರ್ನ್ ವಾದಕ ತಮ್ಮ ಪಾಲಿನ ಸಾಲು ನುಡಿಸಿ, ಮುಂದಿದ್ದ ಮೇಣದಬತ್ತಿ ಆರಿಸಿ, ವಾದ್ಯ ಎತ್ತಿಕೊಂಡು ಎದ್ದು ಹೋದರು. ಆಮೇಲೆ ಬಸೂನಿನವನು. ಇನ್ನೊಂದಿಷ್ಟು ಹೊತ್ತಿಗೆ ಡಬಲ್ ಬಾಸ್. ಹೋಗುವ ಮುನ್ನ ಅದಕ್ಕೂ ತನ್ನದೊಂದು ಮಾತಿದೆ. ಚೆಲ್ಲೋ ಹೋಯಿತು, ಪಿಟೀಲುಗಳು ಒಂದೊಂದಾಗಿ ತೆಳುವಾದವು, ದೀಪಗಳು ಒಂದೊಂದಾಗಿ ಆರಿದವು. ಕಡೆಗೆ ಉಳಿದದ್ದು ಎರಡು ಪಿಟೀಲು, ಒಂದು ಮುಖ್ಯ ವಾದಕ ಟೊಮಾಸಿನಿಯದು, ಇನ್ನೊಂದು ಹೈಡನ್‌ನದೇ. ನಾದವನ್ನು ತಗ್ಗಿಸುವ ಮ್ಯೂಟ್ ಹಾಕಿಕೊಂಡು ಇಬ್ಬರೂ ಪಿಸುಮಾತಿನಲ್ಲಿ ಮುಗಿಸಿದರು. ಮಾರನೆಯ ದಿನವೇ ಪರಿವಾರ ಊರಿಗೆ ಹೊರಟಿತು ಎನ್ನುತ್ತಾರೆ. ಒಡೆಯನಿಗೆ ಅರ್ಜಿಯನ್ನು ಸಂಗೀತದಲ್ಲಿ ಬರೆದು, ಅವನ ಮರ್ಯಾದೆಗೂ ಕುಂದು ತರದೆ, ತನ್ನವರ ಕೆಲಸ ಸಾಧಿಸಿಕೊಟ್ಟ ಆ ಮನುಷ್ಯನ ಮೇಲೆ ಪ್ರೀತಿ ಹುಟ್ಟದೆ ಇರುವುದು ಕಷ್ಟ. ವಾದಕರೆಲ್ಲ ಅವನನ್ನು ಅಪ್ಪ ಹೈಡನ್ ಎನ್ನುತ್ತಿದ್ದರು.

ವಾದ್ಯಗಳ ಗುರುತು ಹಿಡಿಯಲು ರವೆಲ್‌ನ ಬೊಲೆರೊ ಒಳ್ಳೆಯ ದಾರಿ. 1928ರ ನವೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ ನೃತ್ಯಕ್ಕಾಗಿ ಮೊದಲು ನುಡಿಸಿದ ಈ ಕೃತಿ ಸುಮಾರು ಹದಿನೈದು ನಿಮಿಷದ್ದು. ಪುಟ್ಟ ಡ್ರಮ್ಮೊಂದು ಕಿವಿಗೆ ಬಿದ್ದೂ ಬೀಳದ ಹಾಗೆ ಒಂದು ತಾಳದ ನಡೆ ಹಿಡಿಯುತ್ತದೆ. ಕೊನೆಯವರೆಗೆ ಅದೇ ನಡೆಯನ್ನು 169 ಸಲ ನುಡಿಸುತ್ತದೆ. ಗತಿ ಏರುವುದಿಲ್ಲ, ನಾದ ಮಾತ್ರ ಏರುತ್ತದೆ. ಎರಡೇ ಸಾಲುಗಳು ಒಬ್ಬರ ಕೈಯಿಂದ ಒಬ್ಬರಿಗೆ ದಾಟುತ್ತವೆ: ಕೊಳಲು ಮೊದಲು, ಕ್ಲಾರಿಯೋನೆಟ್ ಆಮೇಲೆ, ಆಮೇಲೆ ಬಸೂನ್, ಹೀಗೆ. ನಡುವೆ ಸ್ಯಾಕ್ಸೋಫೋನ್ ಬಂದಾಗ ನಮ್ಮವರ ಕಿವಿ ನಿಮಿರುತ್ತದೆ. ಕದ್ರಿ ಗೋಪಾಲನಾಥರು ಹುಡುಗರಾಗಿದ್ದಾಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕಂಡು ಮನಸೋತ ವಾದ್ಯ ಅದು. ತನಿ ಆವರ್ತನದಲ್ಲಿ ಲೆಕ್ಕ ಹಾಕುತ್ತಾ ಕೂರುವವರು ಬೊಲೆರೊದಲ್ಲಿ ಲೆಕ್ಕ ಬಿಟ್ಟು ಡ್ರಮ್ಮಿನವನ ಎರಡು ಕೈಗಳನ್ನು ಗಮನಿಸಲಿ. ಲಯ ಎಳ್ಳಷ್ಟೂ ಅಲುಗದಂತೆ, ಪೆಟ್ಟನ್ನು ಪ್ರತಿ ಆವರ್ತಕ್ಕೂ ಕೂದಲೆಳೆಯಷ್ಟು ಹೆಚ್ಚಿಸುತ್ತಾ ಹೋಗುವುದು ಎಂಥ ಶಿಸ್ತು ಎಂದು ಮೃದಂಗ ಕಲಿತವರಿಗೆ ಹೇಳಿಕೊಡಬೇಕಾಗಿಲ್ಲ. ಅಂತ್ಯದ ಹೊತ್ತಿಗೆ, ಅಷ್ಟು ಹೊತ್ತು ಒಂದೇ ಕಡೆ ನೆಟ್ಟು ನಿಂತ ಷಡ್ಜ ತಟ್ಟನೆ ಅಂತರ ಗಾಂಧಾರಕ್ಕೆ ಜಿಗಿದು, ಕೆಲವೇ ಕ್ಷಣ ಅಲ್ಲಿದ್ದು, ಮತ್ತೆ ಕೆಳಗಿಳಿದು ಕುಸಿದು ಮುಗಿಯುತ್ತದೆ. ಸ ಮನೆ ಬದಲಿಸುವುದು ಎಂದರೇನೆಂದು ಒಂದೇ ಏಟಿಗೆ ತಿಳಿಸುವ ಜಾಗ ಅದು.

ಇವೆರಡೂ ಆದ ಮೇಲೆ ಬೀಥೋವನ್‌ನ ಐದನೆಯದು.

ಅದರ ಮೊದಲ ನಾಲ್ಕು ಸ್ವರಗಳನ್ನು ಕೇಳದವರಿಲ್ಲ. ಛಂದಸ್ಸು ಓದಿದವರು ಅದನ್ನು ಮೂರು ಲಘು, ಒಂದು ಗುರು ಎಂದು ಬರೆದುಕೊಳ್ಳಬಹುದು. ಹೆಚ್ಚಿನವರು ಗಮನಿಸದ ಸಂಗತಿಯೆಂದರೆ ಅದು ತಾಳದ ಪೆಟ್ಟಿನ ಮೇಲೆ ಹುಟ್ಟುವುದಿಲ್ಲ. ಮೊದಲ ಪೆಟ್ಟು ಮೌನ. ಅದು ದಾಟಿದ ಮೇಲೆ ಎತ್ತಿಕೊಳ್ಳುತ್ತದೆ. ಎಡುಪಿನ ಸೊಗಸು ಬಲ್ಲ ನಿಮಗೆ ಆ ಒಂದು ಕ್ಷಣದ ಖಾಲಿ ಜಾಗ ಎಷ್ಟು ಬಿಗಿಯಾಗಿದೆ ಎಂಬುದು ತಾಳ ಹಾಕಿ ನೋಡಿದರೆ ಗೊತ್ತಾಗುತ್ತದೆ. ಮುಂದಿನ ಏಳೆಂಟು ನಿಮಿಷ ಈ ನಾಲ್ಕು ಸ್ವರದ ಬೀಜವನ್ನು ಅವನು ನೆರವಲ್ ಮಾಡುತ್ತಾನೆ ಎಂದೇ ಹೇಳಬೇಕು. ತಿರುಗಿಸಿ, ತುಂಡರಿಸಿ, ಪಿಟೀಲಿನಿಂದ ಹಾರ್ನಿಗೆ ಎಸೆದು, ಹಿಡಿದು.

ಮೂರನೆಯ ಭಾಗದ ಕೊನೆಗೆ ಕಿವಿ ಕೊಡಿ. ತಂತಿವಾದ್ಯಗಳು ಒಂದು ಸ್ವರ ಹಿಡಿದು ಉಸಿರು ಬಿಗಿಹಿಡಿದಂತೆ ನಿಲ್ಲುತ್ತವೆ. ಅವುಗಳ ಕೆಳಗೆ ಟಿಂಪನಿ ಎಂಬ ದೊಡ್ಡ ನಗಾರಿ ಬೆರಳ ತುದಿಯಲ್ಲಿ ತಟ್ಟಿದಷ್ಟು ಮೆತ್ತಗೆ ಮಿಡಿಯುತ್ತಿರುತ್ತದೆ. ಕತ್ತಲೆಯಲ್ಲಿ ತಡಕಾಡುವ ಆ ಸದ್ದು ಉಬ್ಬುತ್ತಾ ಬಂದು, ನಡುವೆ ನಿಲುಗಡೆಯೇ ಇಲ್ಲದೆ ನಾಲ್ಕನೆಯ ಭಾಗದ ಬೆಳಕಿಗೆ ಒಡೆಯುತ್ತದೆ. ಏನು ಬದಲಾಯಿತು? ಷಡ್ಜ ಅದೇ. ಸಾಧಾರಣ ಗಾಂಧಾರ ಹೋಗಿ ಅಂತರ ಗಾಂಧಾರ ಬಂತು. ಒಂದು ಗಾಂಧಾರದಲ್ಲಿ ಇಷ್ಟು ಬೆಳಕಿದೆ ಎಂದು ಇವನ ಹಾಗೆ ತೋರಿಸಿದವರು ಕಡಿಮೆ.

ಅದೇ ಗಳಿಗೆಯಲ್ಲಿ ಇನ್ನೂ ಒಂದು ಆಗುತ್ತದೆ. ಮೂವರು ಟ್ರೊಂಬೋನ್ ವಾದಕರು, ಒಬ್ಬ ಪಿಕೊಲೊ ಕೊಳಲಿನವನು, ಒಬ್ಬ ಕಾಂಟ್ರಾಬಸೂನಿನವನು ಮೊದಲ ಮೂರು ಭಾಗಗಳಲ್ಲಿ ಒಂದು ಸ್ವರವನ್ನೂ ನುಡಿಸಿರುವುದಿಲ್ಲ. ಅರ್ಧ ಗಂಟೆಯ ಸಿಂಫನಿಯಲ್ಲಿ ಇಪ್ಪತ್ತು ನಿಮಿಷಕ್ಕೂ ಮಿಕ್ಕಿ ವಾದ್ಯವನ್ನು ತೊಡೆಯ ಮೇಲಿಟ್ಟು ಕುಳಿತಿರುತ್ತಾರೆ. ಈ ಬೆಳಕಿನ ಬಾಗಿಲು ತೆರೆಯುವಾಗ ಅವರು ಒಳಗೆ ಬರುತ್ತಾರೆ. ವೇದಿಕೆಯ ವಿಡಿಯೋ ನೋಡುತ್ತಿದ್ದರೆ ಟ್ರೊಂಬೋನಿನವರು ವಾದ್ಯ ತುಟಿಗೇರಿಸುವ ಕ್ಷಣವನ್ನು ಕಾಯಿರಿ. ಇಡೀ ಕೃತಿಯ ರಚನೆ ಆ ಚಲನೆಯಲ್ಲಿ ಕಾಣುತ್ತದೆ.

ಈ ಸಿಂಫನಿ ಮೊದಲು ಕೇಳಿಬಂದದ್ದು 1808ರ ಡಿಸೆಂಬರ್ 22ರಂದು, ವಿಯೆನ್ನಾದ ಕೊರೆಯುವ ಚಳಿಯ ರಂಗಮಂದಿರದಲ್ಲಿ. ಅದೇ ರಾತ್ರಿ ಆರನೆಯದೂ, ನಾಲ್ಕನೆಯ ಪಿಯಾನೋ ಕಾನ್ಸರ್ಟೊವೂ, ಇನ್ನೂ ಹಲವು ಕೃತಿಗಳೂ. ಒಟ್ಟು ನಾಲ್ಕು ಗಂಟೆ. ತಾಲೀಮು ಸಾಲದೆ ಒಂದು ಕೃತಿ ನಡುವೆಯೇ ಕುಸಿದು ಮತ್ತೆ ಶುರುಮಾಡಬೇಕಾಯಿತು. ಪಿಯಾನೋ ಮುಂದೆ ಕುಳಿತಿದ್ದ ಬೀಥೋವನ್‌ಗೆ ಆಗಲೇ ಕಿವಿ ಮಂದವಾಗುತ್ತಿತ್ತು. ಆ ಸಂಕಟವನ್ನು ತಮ್ಮಂದಿರಿಗೆಂದು ಅವನು ಕಾಗದದಲ್ಲಿ ತೋಡಿಕೊಂಡದ್ದು ಅದಕ್ಕೂ ಆರು ವರ್ಷ ಹಿಂದೆ, 1802ರಲ್ಲಿ. ಚಳಿಯಲ್ಲಿ ನಡುಗುತ್ತಾ ಕುಳಿತಿದ್ದ ಜನಕ್ಕೆ ತಾವು ಏನು ಕೇಳುತ್ತಿದ್ದೇವೆ ಎಂಬುದು ಎಷ್ಟು ಹೊಳೆಯಿತೋ!

ಮೋಹನ ರಾಗ ಇಷ್ಟಪಡುವವರಿಗೆ ಡ್ವೊರಾಕ್‌ನ ಒಂಬತ್ತನೇ ಸಿಂಫನಿ. ಬೊಹೀಮಿಯಾದ ಕಟುಕನ ಮಗ ಡ್ವೊರಾಕ್ 1892ರಲ್ಲಿ ನ್ಯೂಯಾರ್ಕಿನ ಸಂಗೀತ ಶಾಲೆಗೆ ಮುಖ್ಯಸ್ಥನಾಗಿ ಹೋದ. ಹ್ಯಾರಿ ಬರ್ಲಿ ಎಂಬ ಕಪ್ಪು ಜನಾಂಗದ ವಿದ್ಯಾರ್ಥಿ ಅಲ್ಲಿ ಅವನಿಗೆ ತನ್ನ ಜನರ ಭಕ್ತಿಗೀತೆಗಳನ್ನು ಹಾಡಿ ಕೇಳಿಸುತ್ತಿದ್ದ. ಅಮೆರಿಕದ ಸಂಗೀತಕ್ಕೆ ಮುಂದಿನ ದಾರಿ ಈ ಹಾಡುಗಳಲ್ಲೇ ಇದೆ ಎಂದು ಡ್ವೊರಾಕ್ ಪತ್ರಿಕೆಗಳಲ್ಲಿ ನಿಸ್ಸಂಕೋಚವಾಗಿ ಹೇಳಿದ. ಆ ಕಾಲಕ್ಕೆ ಅದು ಸಣ್ಣ ಮಾತಾಗಿರಲಿಲ್ಲ. 1893ರ ಡಿಸೆಂಬರಿನಲ್ಲಿ ಕಾರ್ನೆಗಿ ಹಾಲಿನಲ್ಲಿ ‘ಹೊಸ ಜಗತ್ತಿನಿಂದ’ ಎಂಬ ಈ ಸಿಂಫನಿ ಮೊದಲ ಬಾರಿ ನುಡಿಯಿತು. ಎರಡನೆಯ ಭಾಗದಲ್ಲಿ, ಹಿತ್ತಾಳೆಯ ವಾದ್ಯಗಳು ಗಂಭೀರವಾಗಿ ಬಾಗಿಲು ತೆರೆದ ಮೇಲೆ, ಓಬೋ ಕುಲದ್ದೇ ಆದ ಇಂಗ್ಲಿಷ್ ಹಾರ್ನ್ ಒಂದು ಹಾಡು ಎತ್ತಿಕೊಳ್ಳುತ್ತದೆ: ಗ ಪ ಪ, ಗ ರಿ ಸ. ಮೊದಲ ಸಾಲು ಪೂರ್ತಿ ಸ ರಿ ಗ ಪ, ಇಷ್ಟರಲ್ಲೇ. ಮಧ್ಯಮವಿಲ್ಲ, ನಿಷಾದವಿಲ್ಲ. ನಿಷಾದ ಆಮೇಲೆ ಬರುತ್ತದೆ, ಬಂದಾಗ ಮೋಹನ ಮುಗಿದು ಬೇರೇನೋ ಶುರುವಾಗುತ್ತದೆ. ಅಲ್ಲಿಯವರೆಗೆ ನಿಮ್ಮ ಪಕ್ಕದ ಕುರ್ಚಿಯವರು ಸ್ವರ ಗುನುಗಿಕೊಂಡರೆ ತಡೆಯಬೇಡಿ. ಪರಿಚಯಿಸುವವರು ಈ ಸಾಲನ್ನು ಮೊದಲು ವೀಣೆಯಲ್ಲಿ ನುಡಿಸಿ ತೋರಿಸಿ, ಬಳಿಕ ಧ್ವನಿಮುದ್ರಣ ಹಾಕಿದರೆ ಇನ್ನೂ ಚೆನ್ನ.

ಇದೇ ಸಿಂಫನಿಯ ನಾಲ್ಕನೆಯ ಭಾಗದಲ್ಲಿ ಕಂಚಿನ ದೊಡ್ಡ ತಾಳ ಒಮ್ಮೆ ಮಾತ್ರ ಮುಟ್ಟುತ್ತದೆ, ಅದೂ ಮೆಲ್ಲಗೆ. ಮುಕ್ಕಾಲು ಗಂಟೆಯ ಕೃತಿಗೆ ಅದೊಂದೇ ಸಲ. ಆ ಒಂದು ಮುಟ್ಟಿಗಾಗಿ ಎಣಿಸುತ್ತಾ ಕೂರುವ ವಾದಕ ತಪ್ಪಿದರೆ ಕೇಳುಗರಲ್ಲಿ ಎಷ್ಟು ಜನಕ್ಕೆ ತಿಳಿದೀತು? ಆದರೂ ಆತ ಎಣಿಸುತ್ತಾನೆ.

ಸಭಾಮರ್ಯಾದೆಯ ವಿಷಯ ಹಲವರನ್ನು ಹಿಂಜರಿಸುತ್ತದೆ. ಕೋಟು ಹಾಕಬೇಕೇ, ಯಾವಾಗ ಚಪ್ಪಾಳೆ ತಟ್ಟಬೇಕು, ತೊಡೆಯ ಮೇಲೆ ತಾಳ ಹಾಕಿದರೆ ಯಾರಾದರೂ ತಿರುಗಿ ನೋಡುತ್ತಾರೆಯೇ? ಸಿಂಫನಿಯ ಭಾಗಗಳ ನಡುವೆ ಇಂದು ಚಪ್ಪಾಳೆ ತಟ್ಟುವುದಿಲ್ಲ, ಎಲ್ಲ ಮುಗಿದ ಮೇಲೆ ಒಟ್ಟಿಗೆ. ಆದರೆ ಇದು ಹಿಂದಿನಿಂದ ಬಂದದ್ದೇನಲ್ಲ. 1778ರಲ್ಲಿ ಮೊಜಾರ್ಟ್ ಪ್ಯಾರಿಸ್ಸಿನಲ್ಲಿ ಹೊಸ ಸಿಂಫನಿ ನುಡಿಸಿದಾಗ, ಜನರಿಗೆ ಹಿಡಿಸುತ್ತದೆ ಎಂದು ತಾನು ಎಣಿಸಿದ್ದ ಸಾಲು ಬಂದಾಗ ಅವರು ನಡುವೆಯೇ ಚಪ್ಪಾಳೆ ತಟ್ಟಿದ್ದನ್ನು ಅಪ್ಪನಿಗೆ ಬರೆದ ಕಾಗದದಲ್ಲಿ ಹಿಗ್ಗಿನಿಂದ ವರದಿ ಮಾಡಿದ್ದಾನೆ. ನೀವು ಭಲೇ ಎನ್ನುವ ಜಾಗ ಅವನಿಗೂ ಗೊತ್ತಿತ್ತು. ನಿಮ್ಮ ಸಭೆಯ ಸಂಜೆಯಲ್ಲಿ, ನಿಮ್ಮ ಕುರ್ಚಿಗಳಲ್ಲಿ, ಮೆಚ್ಚುಗೆಯನ್ನು ಬಿಗಿಹಿಡಿಯುವ ಅಗತ್ಯ ಯಾರಿಗೂ ಇಲ್ಲ.

ಇದು ನಮ್ಮದಲ್ಲ, ನಮಗೇಕೆ ಎಂದು ಕಾರ್ಯಕಾರಿ ಸಮಿತಿಯಲ್ಲಿ ಯಾರಾದರೂ ಕೇಳಬಹುದು. ಅವರಿಗೆ ಜಯಚಾಮರಾಜ ಒಡೆಯರ ಕಥೆ ಹೇಳಿ.

‘ಶ್ರೀವಿದ್ಯಾ’ ಅಂಕಿತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೆಂದು ಅವರನ್ನು ನೀವು ಬಲ್ಲಿರಿ. ಗಂಭೀರನಾಟದ ‘ಶ್ರೀ ಜಾಲಂಧರಂ’ ನಿಮ್ಮ ವೇದಿಕೆಗಳಲ್ಲಿ ಹಲವು ಸಲ ಮೊಳಗಿದೆ. ಆದರೆ ಅವರು ಮೊದಲು ಆಳವಾಗಿ ಅಭ್ಯಾಸ ಮಾಡಿದ್ದು ಪಿಯಾನೋ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಪದವಿ ಅವರಿಗಿತ್ತು, ಟ್ರಿನಿಟಿ ಕಾಲೇಜಿನ ಗೌರವ ಫೆಲೋ ಪಟ್ಟವೂ ಬಂತು. ಅವರ ಮೈಸೂರಿನ ಸಂಗ್ರಹದಲ್ಲಿ ರೆಕಾರ್ಡುಗಳ ದೊಡ್ಡ ರಾಶಿಯೇ ಇತ್ತು ಎಂದು ಅದನ್ನು ಕಣ್ಣಾರೆ ಕಂಡ ಲಂಡನ್ನಿನ ಧ್ವನಿಮುದ್ರಣಕಾರ ವಾಲ್ಟರ್ ಲೆಗ್ ಬರೆದಿದ್ದಾರೆ. ಲೆಗ್ 1945ರಲ್ಲಿ ಫಿಲ್‌ಹಾರ್ಮೋನಿಯಾ ಎಂಬ ಆರ್ಕೆಸ್ಟ್ರಾ ಕಟ್ಟಿದ್ದರು, ಕೈಯಲ್ಲಿ ಹಣವಿರಲಿಲ್ಲ. ಮೂರು ವರ್ಷ, ವರ್ಷಕ್ಕೆ 10 ಸಾವಿರ ಪೌಂಡ್ ಕೊಡಲು ಒಪ್ಪಿ ಅದು ಗಟ್ಟಿಯಾಗಿ ನಿಲ್ಲುವಂತೆ ಮಾಡಿದವರು ಮೈಸೂರಿನ ಮಹಾರಾಜರು. ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ಆ ಆರ್ಕೆಸ್ಟ್ರಾ ಇಂದಿಗೂ ಜಗತ್ತಿನ ಹೆಸರಾಂತ ಆರ್ಕೆಸ್ಟ್ರಾಗಳಲ್ಲೊಂದು.

ಜನಪ್ರಿಯವಾದದ್ದಕ್ಕೆ ಹಣ ಕೊಡುವವರು ಬೇಕಾದಷ್ಟು ಜನ. ಮಹಾರಾಜರ ಆಯ್ಕೆ ಬೇರೆಯಾಗಿತ್ತು. ಬಾಲಕಿರೆವ್, ರೂಸೆಲ್ ಮುಂತಾದವರ, ಅಷ್ಟಾಗಿ ಯಾರೂ ಮುಟ್ಟದ ಸಿಂಫನಿಗಳನ್ನು ಅವರು ಧ್ವನಿಮುದ್ರಿಸಲು ಕೇಳಿದರು; 1949ರಲ್ಲಿ ಅವನ್ನು ನಡೆಸಿಕೊಟ್ಟ ಕಂಡಕ್ಟರ್ ಹೆರ್ಬರ್ಟ್ ಫಾನ್ ಕರಾಯನ್. ಲಂಡನ್ನಿನಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ರಚನಕಾರ, ತಾಯ್ನಾಡು ಬಿಟ್ಟು ಬಂದವನು, ಕಾಯಿಲೆ, ಕೊರತೆ, ಮರೆವಿನ ನಡುವೆ ಬದುಕಿದ್ದ. ಮಹಾರಾಜರು ಅವನ ಹೆಸರಿನಲ್ಲೊಂದು ಸೊಸೈಟಿ ಮಾಡಿ, ಅವನ ಮೂರೂ ಪಿಯಾನೋ ಕಾನ್ಸರ್ಟೊಗಳನ್ನು ಫಿಲ್‌ಹಾರ್ಮೋನಿಯಾದ ಜೊತೆ ಅವನ ಕೈಯಿಂದಲೇ ನುಡಿಸಿ ದಾಖಲಿಸಿದರು. 1951ರಲ್ಲಿ ಅವನು ತೀರಿಕೊಂಡ. ಅವನ ಮೂರನೆಯ ಕಾನ್ಸರ್ಟೊ ಮೈಸೂರು ಮಹಾರಾಜರಿಗೆ ಅರ್ಪಿತವಾಗಿದೆ. ಮೈಸೂರಿನ ಹೆಸರು ಹೊತ್ತ ಆ ಕೃತಿಯನ್ನು ಮೈಸೂರಿನಲ್ಲಿ ಎಷ್ಟು ಜನ ಕೇಳಿದ್ದೇವೆ? ಈ ಪತ್ರ ಬರೆಯುವಾಗ ಮನಸ್ಸಿಗೆ ಹೆಚ್ಚು ನಾಟಿದ್ದು ಅದು.

ಆದ್ದರಿಂದ ಕಾರ್ಯದರ್ಶಿಗಳಲ್ಲಿ ಮತ್ತೊಮ್ಮೆ: ಮುಂದಿನ ವರ್ಷದ ಪಟ್ಟಿ ಮಾಡುವಾಗ ಒಂದು ಶನಿವಾರ. ಎರಡೂವರೆ ಗಂಟೆ ಸಾಕು. ಹೈಡನ್‌ನ 45ನೇ ಸಿಂಫನಿಯ ಕೊನೆಯ ಭಾಗ, ಬೊಲೆರೊ, ನಡುವೆ ಕಾಫಿ, ಬೀಥೋವನ್ ಪೂರ್ತಿ, ಡ್ವೊರಾಕ್‌ನ ಎರಡನೆಯ ಭಾಗ. ತುಣುಕುಗಳನ್ನು ಪೋಣಿಸಿ ಹಾಕಬೇಡಿ; ಒಂದು ಭಾಗವನ್ನು ಎತ್ತಿಕೊಂಡರೆ ಮುಗಿಯುವವರೆಗೆ ನಡೆಸಿ. ಪಕ್ಕದ ಬೀದಿಯಲ್ಲಿ ಪಿಯಾನೋ, ಗಿಟಾರು ಕಲಿಯುವ ಮಕ್ಕಳಿದ್ದಾರೆ, ಪರೀಕ್ಷೆಗೆಂದು ಮೂರು ಪುಟ ನುಡಿಸಿ ಬಲ್ಲವರು. ಅವರನ್ನೂ ಕರೆಯಿರಿ, ಅಜ್ಜಿ ತಾತಂದಿರ ಜೊತೆ ಕೂರಿಸಿ.

ಕೊನೆಗೊಂದು ಹತ್ತು ನಿಮಿಷ ಉಳಿಸಿಕೊಂಡು ರಿಚರ್ಡ್ ಸ್ಟ್ರೌಸ್‌ನ ‘ಕೊನೆಯ ನಾಲ್ಕು ಹಾಡು’ಗಳಲ್ಲಿ ಕಡೆಯದನ್ನು ಹಾಕಿ. 84ರ ಆಸುಪಾಸಿನಲ್ಲಿ ಇವನ್ನು ಬರೆದು, ಮಾರನೆಯ ವರ್ಷ ಅವನು ಹೋದ. ಹಾಡುಗಳನ್ನು ಕೇಳಲು ಉಳಿಯಲಿಲ್ಲ. 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಕಿರ್ಸ್ಟನ್ ಫ್ಲಾಗ್‌ಸ್ಟಾಡ್ ಅವನ್ನು ಮೊದಲ ಬಾರಿ ಹಾಡಿದಾಗ ಜೊತೆಗಿದ್ದದ್ದು ಫಿಲ್‌ಹಾರ್ಮೋನಿಯಾ, ಕಂಡಕ್ಟರ್ ಫುರ್ಟ್‌ವೆಂಗ್ಲರ್. ಆ ಕಚೇರಿ ನಡೆಯಲೆಂದು 4,800 ಡಾಲರಿನ ಹೊಣೆ ಹೊತ್ತವರು ಜಯಚಾಮರಾಜ ಒಡೆಯರು. ಅವರಿಗೆ ಅಲ್ಲಿಗೆ ಹೋಗಲು ಆಗಲಿಲ್ಲ. ಅವರ ಸಂಗ್ರಹಕ್ಕೆಂದು ಅದನ್ನು ಧ್ವನಿಮುದ್ರಿಸಿ ಮೈಸೂರಿಗೆ ಕಳಿಸುವ ಏರ್ಪಾಟಾಗಿತ್ತು. ಹಾಡು ಮುಗಿಯುವ ಹೊತ್ತಿಗೆ ಗಾಯಕಿಯ ದನಿ ನಿಂತು, ಸ್ಟ್ರೌಸ್ ಅರವತ್ತು ವರ್ಷ ಹಿಂದೆ ಸಾವಿನ ಮೇಲೆ ಬರೆದಿದ್ದ ಇನ್ನೊಂದು ಕೃತಿಯ ಒಂದು ಸಾಲು ಹಾರ್ನಿನಲ್ಲಿ ಮೆಲ್ಲಗೆ ಹಾಯುತ್ತದೆ. ಆಮೇಲೆ ಸಂಜೆಯ ಆಕಾಶಕ್ಕೇರುವ ಎರಡು ಬಾನಾಡಿಗಳಂತೆ ಕೊಳಲುಗಳು ಕಂಪಿಸುತ್ತವೆ. ಆ ಹೊತ್ತಿಗೆ ಸಭಾಂಗಣದ ದೀಪ ತಗ್ಗಿಸಿರಿ.

ಇಂತಿ,
ನಿಮ್ಮದೇ ಸಾಲಿನ ಒಬ್ಬ ಕೇಳುಗ